ರೆಕ್ಕೆಯ ಮೇಲೆ ಗುಳ್ಳೆ ಹುಡುಕಿದ್ದು

ಏರೋಸ್ಪೇಸ್ ಅಂದರೆ ರಾಕೆಟ್ ಅಂದುಕೊಂಡೇ ಸೇರಿದ್ದೆ. ಬೆಂಗಳೂರಿನಲ್ಲಿ ಬೆಳೆದವರಿಗೆ ಇಸ್ರೋ ಕನಸು ಸಹಜ ಅಲ್ವಾ? ಸ್ಟ್ರಕ್ಚರ್ಸ್, ಪ್ರೊಪಲ್ಷನ್, ಫ್ಲೈಟ್ ಮೆಕ್ಯಾನಿಕ್ಸ್ ಎಲ್ಲ ಓದಿದೆ. ಮನಸ್ಸು ನಿಂತಿದ್ದು ಮಾತ್ರ ಆರನೇ ಸೆಮಿಸ್ಟರಿನ ಬೌಂಡರಿ ಲೇಯರ್, ಅಂದರೆ ಮೇಲ್ಮೈಗೆ ಅಂಟಿಕೊಂಡು ಹರಿಯುವ ತೆಳು ಗಾಳಿಪದರದ ಪಾಠದಲ್ಲಿ.

ರೆಕ್ಕೆಯ ಅಳತೆ, ಗಾಳಿಯ ವೇಗ, ಗಾಳಿಯ ಜಿಗುಟು ಸೇರಿಸಿ ಲೆಕ್ಕಹಾಕುವ ರೆನಾಲ್ಡ್ಸ್ ಸಂಖ್ಯೆ ದೊಡ್ಡ ವಿಮಾನದ ರೆಕ್ಕೆಗೆ ಕೋಟಿ ದಾಟುತ್ತದೆ. ಸಣ್ಣ ಡ್ರೋನಿಗೆ ಒಂದೆರಡು ಲಕ್ಷ ಅಷ್ಟೇ. ಅಲ್ಲಿ ನುಣ್ಣಗೆ ಹರಿಯುತ್ತಿದ್ದ ಗಾಳಿ ನಡುವೆ ರೆಕ್ಕೆ ಬಿಟ್ಟು ಮೇಲೇಳುತ್ತದೆ, ಕಲಕಿಕೊಂಡು ಮತ್ತೆ ಬಂದು ಅಂಟುತ್ತದೆ. ಆ ನಡುವಿನ ಜಾಗವೇ ಸಪರೇಷನ್ ಬಬಲ್, ಅಂದರೆ ಗುಳ್ಳೆ. ಅದನ್ನು ಕಣ್ಣಾರೆ ನೋಡಬೇಕು ಅನ್ನಿಸಿತು.

ಎಪ್ಲರ್ 387 ಅನ್ನುವ ಅಡ್ಡಕೊಯ್ತದ ಆಕಾರದಲ್ಲಿ ರೆಕ್ಕೆ ಮಾಡಿದೆ. ಮುಂದಿನ ಅಂಚಿನಿಂದ ಹಿಂದಿನ ಅಂಚಿಗೆ ಅಗಲ 15 ಸೆಂ.ಮೀ., ಗಾಳಿಯ ವೇಗ ಸೆಕೆಂಡಿಗೆ 20 ಮೀಟರ್. ರೆನಾಲ್ಡ್ಸ್ ಸಂಖ್ಯೆ 2 ಲಕ್ಷ. ಗಾಳಿಗೆ 4 ಡಿಗ್ರಿ ಕೋನದಲ್ಲಿ ಇಟ್ಟರೆ ಗುಳ್ಳೆ ಮುಂದಿನ ಅಂಚಿನಿಂದ ಸುಮಾರು 6 ಸೆಂ.ಮೀ.ನಿಂದ 9 ಸೆಂ.ಮೀ.ವರೆಗೆ ಇರಬೇಕು ಎಂದು ರೆಕ್ಕೆಯ ಹರಿವು ಲೆಕ್ಕಹಾಕುವ ಎಕ್ಸ್‌ಫಾಯಿಲ್ ಸಾಫ್ಟ್‌ವೇರ್ ಹೇಳಿತು. ರೆಕ್ಕೆಗೆ ಕಪ್ಪು ಬಣ್ಣ ಬಳಿದು, ಎಂಜಿನ್ ಆಯಿಲ್‌ಗೆ ಟೈಟಾನಿಯಂ ಡೈಆಕ್ಸೈಡ್ ಪುಡಿ ಕಲಸಿ ಸವರಿದೆ. ಅರ್ಧ ಗಂಟೆ ವಿಂಡ್ ಟನಲ್ (ರೆಕ್ಕೆಯ ಮೇಲೆ ಗಾಳಿ ಹಾಯಿಸುವ ಸುರಂಗ) ಓಡಿದರೂ ಎಣ್ಣೆ ಅಲ್ಲಾಡಲಿಲ್ಲ. ಸೀಮೆಎಣ್ಣೆ ಹಾಕಿ ತೆಳುಮಾಡಿದೆ. ಮೂರನೇ ಸಲಕ್ಕೆ ಗೆರೆಗಳು ಮೂಡಿದವು. ಮುಂದೆ ಎಣ್ಣೆ ಹಿಂದಕ್ಕೆ ಎಳೆದುಕೊಂಡು ಹೋಗಿತ್ತು, ನಡುವೆ ಒಂದು ಪಟ್ಟಿಯಲ್ಲಿ ಸುಮ್ನೆ ನಿಂತಿತ್ತು. ಅದೇ ಗುಳ್ಳೆ! ಅವತ್ತಿನ ಖುಷಿ ಈಗಲೂ ನೆನಪಿದೆ.

ಆದರೆ ಪಟ್ಟಿ 8 ಸೆಂ.ಮೀ. ದಾಟುತ್ತಲೇ ಮುಗಿದಿತ್ತು. ಅಳತೆ ತಪ್ಪೆಂದು ಎರಡು ವಾರ ಒದ್ದಾಡಿದೆ. ಕೊನೆಗೆ ಗಾಳಿಯ ವೇಗ ಅಳೆಯುವ ಬಿಸಿ ತಂತಿ, ಹಾಟ್ ವೈರ್, ಇಟ್ಟು ನೋಡಿದರೆ, ಟನಲ್ ಗಾಳಿಯ ವೇಗದಲ್ಲೇ 0.35% ಏರಿಳಿತ ಇತ್ತು. ಗಾಳಿ ಎಷ್ಟು ಶಾಂತ ಎಂದು ಎಕ್ಸ್‌ಫಾಯಿಲ್‌ಗೆ ಹೇಳುವ ಸಂಖ್ಯೆ ಎನ್-ಕ್ರಿಟ್. ನಾನು ಮುಟ್ಟದೇ ಬಿಟ್ಟಿದ್ದ ಎನ್-ಕ್ರಿಟ್ 9 ಅನ್ನುವುದು ಸುಮಾರು 0.07% ಇರುವ ಶಾಂತ ಗಾಳಿಗೆ ಸರಿ. ಗಾಳಿ ಕಲಕಿದ್ದರೆ ಹರಿವು ಬೇಗ ಟರ್ಬುಲೆಂಟ್ (ಸುಳಿಸುಳಿಯಾಗಿ ಕಲಕಿದ್ದು) ಆಗುತ್ತದೆ, ಬೇಗ ಬಂದು ಅಂಟುತ್ತದೆ, ಗುಳ್ಳೆ ಗಿಡ್ಡವಾಗುತ್ತದೆ. ಎನ್-ಕ್ರಿಟ್ 5 ಕೊಟ್ಟಾಗ ಲೆಕ್ಕ ನನ್ನ ಪಟ್ಟಿಯ ಹತ್ತಿರ ಬಂತು. ಟನಲ್ ಗಾಳಿಯ ಗುಣ ಮೊದಲೇ ಅಳೆಯಬೇಕಿತ್ತು. ಈ ಕೆಲಸಕ್ಕೆ ಇಳಿಯುವವರು ದಯವಿಟ್ಟು ಅಲ್ಲಿಂದಲೇ ಶುರು ಮಾಡಿ.

ಈಗ ನನ್ನ ಆಸಕ್ತಿ ಬಯಲಿನ ಗಾಳಿಯ ಮೇಲಿದೆ. ಡ್ರೋನ್ ಹಾರುವುದು ಟನಲ್‌ನಲ್ಲಿ ಅಲ್ಲವಲ್ಲ. ಹರಿವನ್ನು ಮೊದಲೇ ಕಲಕಲು ರೆಕ್ಕೆಯ ಮೇಲೆ 5 ಸೆಂ.ಮೀ. ಹತ್ತಿರ ಒಂದು ತೆಳು ದಾರ ಅಂಟಿಸಿದಾಗ ಟನಲ್‌ನಲ್ಲಿ ಗುಳ್ಳೆಯೇ ಮಾಯವಾಯಿತು. ಅದೇ ದಾರ ಮಧ್ಯಾಹ್ನದ ಬಿಸಿಗಾಳಿಯಲ್ಲಿ ಉಪಯೋಗಕ್ಕೆ ಬರುತ್ತದೋ, ಸುಮ್ನೆ ಡ್ರ್ಯಾಗ್ (ಗಾಳಿಯ ಎಳೆತ) ಹೆಚ್ಚಿಸುತ್ತದೋ? ಅದಕ್ಕೆ ಒಂದು ಗ್ಲೈಡರ್ ಕಟ್ಟುತ್ತಿದ್ದೇನೆ. ಎಡ ರೆಕ್ಕೆಗೆ ದಾರ ಇದೆ, ಬಲಕ್ಕೆ ಇಲ್ಲ.