ಭಾರತ ಮತ್ತು ನೇಪಾಳದ ರಾಷ್ಟ್ರೀಯ ಉಳಿತಾಯವನ್ನು ಹೋಲಿಸುವ ಕ್ರಮ

ಎರಡು ದೇಶಗಳ ಉಳಿತಾಯವನ್ನು ಹೋಲಿಸುವ ಪ್ರಾಜೆಕ್ಟ್ ಕೈಗೊಳ್ಳುವ ಕಾಸರಗೋಡಿನ ಅರ್ಥಶಾಸ್ತ್ರ ವಿದ್ಯಾರ್ಥಿಗಳು ಭಾರತ ಮತ್ತು ನೇಪಾಳವನ್ನು ಆರಿಸಿಕೊಳ್ಳಲಿ ಎಂಬುದು ನನ್ನ ಸಲಹೆ. ನೇಪಾಳದ ಉಳಿತಾಯ ಬಹುಮಟ್ಟಿಗೆ ಹೊರದೇಶಗಳಲ್ಲಿ ದುಡಿಯುವವರ ಹಣವನ್ನು ಅವಲಂಬಿಸಿದೆ. ಉಪ್ಪಳ, ಕುಂಬಳೆಯ ಮನೆಗಳಿಗೆ ಗಲ್ಫಿನ ಹಣ ಬರುವುದನ್ನು ಕಂಡು ಬೆಳೆದವರಿಗೆ ಈ ಲೆಕ್ಕದ ಮುಖ್ಯ ತೊಡಕು ಬೇಗ ತಿಳಿಯುತ್ತದೆ.

ಮೊದಲು ಸರಿಯಾದ ಸೂಚಕವನ್ನು ಆರಿಸಬೇಕು. ಜಿಡಿಪಿಯಿಂದ, ಎಂದರೆ ದೇಶದೊಳಗೆ ಒಂದು ವರ್ಷದಲ್ಲಿ ಆಗುವ ಒಟ್ಟು ಉತ್ಪಾದನೆಯ ಮೌಲ್ಯದಿಂದ, ಖಾಸಗಿ ಮತ್ತು ಸರಕಾರಿ ಅನುಭೋಗ ವೆಚ್ಚವನ್ನು ಕಳೆದರೆ ಸಿಗುವುದು ಒಟ್ಟು ದೇಶೀಯ ಉಳಿತಾಯ. ಅದಕ್ಕೆ ವಿದೇಶಗಳಿಂದ ಬರುವ ನಿವ್ವಳ ಆದಾಯವನ್ನೂ ನಿವ್ವಳ ವರ್ಗಾವಣೆಗಳನ್ನೂ ಸೇರಿಸಿದಾಗ ಒಟ್ಟು ರಾಷ್ಟ್ರೀಯ ಉಳಿತಾಯ ದೊರೆಯುತ್ತದೆ. ವಿಶ್ವಬ್ಯಾಂಕಿನ ಪಟ್ಟಿಯಲ್ಲಿ ಇದು ಬರಿಯ ‘ಒಟ್ಟು ಉಳಿತಾಯ’ ಎಂಬ ಹೆಸರಿನಲ್ಲಿರುವುದರಿಂದ ಎರಡನ್ನೂ ಅದಲುಬದಲು ಮಾಡಿಕೊಳ್ಳುವ ಅಪಾಯ ಹೆಚ್ಚು. ವಲಸೆಹೋದವರು ಮನೆಗೆ ಕಳುಹಿಸುವ ಹಣ ಭಾರತದಲ್ಲಿ ಜಿಡಿಪಿಯ ಸುಮಾರು ಶೇ. 3ರಷ್ಟು, ನೇಪಾಳದಲ್ಲಿ ಐದನೆಯ ಒಂದು ಭಾಗಕ್ಕಿಂತಲೂ ಅಧಿಕ. ಆದ್ದರಿಂದ ಯಾವ ಸೂಚಕ ಹಿಡಿದರೂ ಭಾರತದ ಚಿತ್ರ ಹೆಚ್ಚು ಬದಲಾಗದು. ನೇಪಾಳದ ಉಳಿತಾಯವಾದರೋ ರಾಷ್ಟ್ರೀಯ ಲೆಕ್ಕದಲ್ಲಿ ದೇಶೀಯ ಲೆಕ್ಕದ ಎರಡರಷ್ಟನ್ನೂ ಮೀರುತ್ತದೆ.

ಹಾಗೆ ಬಂದ ಹಣವೆಲ್ಲವೂ ಉಳಿತಾಯವಲ್ಲ. ದುಬೈಯಿಂದ ಬಂದ ಹಣದಲ್ಲಿ ಕೊಟ್ಟ ಶಾಲೆಯ ಫೀಸು, ಕೊಂಡ ಅಕ್ಕಿ, ಮದುವೆಯ ಊಟ ಇವು ಅನುಭೋಗ; ಕಟ್ಟಿದ ಮನೆ ಉಳಿತಾಯ. ಭಾರತದ ಲೆಕ್ಕದಲ್ಲಿ ಚಿನ್ನದ ಆಭರಣವೂ ಕುಟುಂಬಗಳ ಉಳಿತಾಯಕ್ಕೆ ಸೇರುತ್ತದೆ. ಎನ್‌ಆರ್‌ಐಯ ಠೇವಣಿ ಬ್ಯಾಂಕಿನಲ್ಲೇ ಇರುವಷ್ಟು ದಿನ ಅದು ದೇಶದ ಪಾಲಿಗೆ ಹೊರಗಿನವರಿಗೆ ಕೊಡಬೇಕಾದ ಸಾಲವೇ ಸರಿ. ಮನೆಯವರು ಅದನ್ನು ಇಲ್ಲಿ ರೂಪಾಯಿಯಲ್ಲಿ ತೆಗೆದಾಗ ಮಾತ್ರ ವರ್ಗಾವಣೆಯಾಗಿ ದಾಖಲಾಗುತ್ತದೆ.

ಡಾಲರ್ ಮೊತ್ತಗಳನ್ನು ಬಿಟ್ಟು ಶೇಕಡಾವಾರು ದರವನ್ನೇ ಬಳಸಿ. ಆದರೆ ಜಿಡಿಪಿಯಿಂದ ಭಾಗಿಸುವಾಗ ವಲಸಿಗರ ಹಣ ಮೇಲಿನ ಅಂಕಿಯಲ್ಲಿದ್ದು ಕೆಳಗಿನದರಲ್ಲಿ ಇರುವುದಿಲ್ಲವಾದ್ದರಿಂದ ನೇಪಾಳದ ದರ ಇರುವುದಕ್ಕಿಂತ ಉಬ್ಬಿ ಕಾಣುತ್ತದೆ. ರಾಷ್ಟ್ರೀಯ ಆದಾಯಕ್ಕೆ ನಿವ್ವಳ ವರ್ಗಾವಣೆಗಳನ್ನು ಕೂಡಿಸಿ ಆ ಮೊತ್ತದಿಂದ ಇನ್ನೊಮ್ಮೆ ಭಾಗಿಸಿ ನೋಡುವುದು ನ್ಯಾಯವಾದ ಕ್ರಮ.

ಹೆಚ್ಚಿನವರು ಗಮನಿಸದೆ ಬಿಡುವುದು ವರ್ಷದ ಅರ್ಥವನ್ನು. ವಿಶ್ವಬ್ಯಾಂಕಿನ ಪಟ್ಟಿಯಲ್ಲಿ ಭಾರತದ 2020 ಎಂದರೆ 2020ರ ಏಪ್ರಿಲ್‌ನಿಂದ 2021ರ ಮಾರ್ಚ್‌ವರೆಗಿನ ಅವಧಿ. ನೇಪಾಳದ 2020 ಎಂದರೆ 2019ರ ಜುಲೈ ಮಧ್ಯದಿಂದ 2020ರ ಜುಲೈ ಮಧ್ಯದವರೆಗಿನ ಅವಧಿ. ಒಂದೇ ಅಂಕಣದಲ್ಲಿ ಅಕ್ಕಪಕ್ಕ ನಿಂತ ಈ ಎರಡು ಅಂಕಿಗಳಿಗೆ ಸಮಾನವಾದ ಕಾಲ ಕೇವಲ ಮೂರೂವರೆ ತಿಂಗಳು. ಕೋವಿಡ್ ಕಾಲದ ಉಳಿತಾಯವನ್ನು ಹೀಗೆಯೇ ಎದುರುಬದುರು ಇಟ್ಟರೆ ತೀರ್ಮಾನವೇ ತಪ್ಪುತ್ತದೆ.

ಆರಂಭದ ವರ್ಷವನ್ನೂ ಎಚ್ಚರದಿಂದ ಆರಿಸಿ. ಭಾರತದ ಉಳಿತಾಯದ ದರ 2007-08ರಲ್ಲಿ ಶೇ. 36ನ್ನು ದಾಟಿತ್ತು, ಅಲ್ಲಿಂದಲೇ ಗೆರೆ ಎಳೆದವರಿಗೆ ಕಾಣುವುದು ಇಳಿಕೆ ಮಾತ್ರ. ಐದೈದು ವರ್ಷಗಳ ಸರಾಸರಿ ತೆಗೆದುಕೊಂಡರೆ ವರ್ಷದ ಗೊಂದಲವೂ ಬಹುಮಟ್ಟಿಗೆ ತಗ್ಗುತ್ತದೆ. ದರ ಶೇ. 36ರಿಂದ 30ಕ್ಕೆ ಇಳಿದರೆ ಅದನ್ನು ಆರು ಶೇಕಡಾ ಅಂಶಗಳ ಇಳಿಕೆ ಎಂದೇ ಬರೆಯಬೇಕು, ಶೇ. 6ರ ಇಳಿಕೆ ಎಂದಲ್ಲ. ಭಾರತದ 2004-05 ಮತ್ತು 2011-12ರ ಮೂಲವರ್ಷದ (ಲೆಕ್ಕಕ್ಕೆ ಆಧಾರವಾಗಿ ಹಿಡಿದ ವರ್ಷದ) ಸರಣಿಗಳನ್ನು ನೇರವಾಗಿ ಜೋಡಿಸಬಾರದು. ಎರಡರಲ್ಲೂ ಇರುವ ವರ್ಷಗಳಿಗೆ ಅವು ಕೊಡುವ ಅಂಕಿಗಳ ವ್ಯತ್ಯಾಸವನ್ನು ಮೊದಲು ನೋಡಿಕೊಳ್ಳಬೇಕು.

ಕೊನೆಗೆ ಲೆಕ್ಕವನ್ನು ತಾಳೆ ನೋಡಿ. ರಾಷ್ಟ್ರೀಯ ಉಳಿತಾಯದಿಂದ ಒಟ್ಟು ಬಂಡವಾಳ ಹೂಡಿಕೆಯನ್ನು ಕಳೆದರೆ ಉಳಿಯುವುದು ದೇಶದ ಚಾಲ್ತಿ ಖಾತೆಯ (ಹೊರದೇಶಗಳೊಡನೆ ನಡೆಯುವ ವ್ಯಾಪಾರ, ಆದಾಯ, ವರ್ಗಾವಣೆಗಳ ಲೆಕ್ಕದ) ಶಿಲ್ಕಿಗೆ ಹತ್ತಿರವಿರಬೇಕು. ಅಂತರ ದೊಡ್ಡದಿದ್ದರೆ ದೇಶೀಯ ಉಳಿತಾಯದ ಅಂಕಿಯನ್ನು ತೆಗೆದುಕೊಂಡಿದ್ದೀರೋ, ವರ್ಷ ಹಿಂದುಮುಂದಾಗಿದೆಯೋ ಎಂದು ಮೊದಲು ಪರಿಶೀಲಿಸಿ.