ಲೆಕ್ಕದಲ್ಲಿ ಖರ್ಚು, ಬ್ಯಾಂಕಿನಲ್ಲಿ ಹಣ: ಲೆಕ್ಕಪರಿಶೋಧಕನಾಗಿ ನನ್ನ ಅನುಭವ

ಮಹಾಲೇಖಪಾಲರ (ಅಕೌಂಟೆಂಟ್ ಜನರಲ್) ಕಚೇರಿಯ ತಂಡದೊಂದಿಗೆ ರಾಜ್ಯ ಸರ್ಕಾರದ ಕಚೇರಿಗಳ ಲೆಕ್ಕಪರಿಶೋಧನೆಗೆ ಹೋಗುತ್ತಿದ್ದ ವರ್ಷಗಳಲ್ಲಿ ನಾನು ಬಿಡದೆ ಪಾಲಿಸಿದ ಪದ್ಧತಿ ಒಂದಿದೆ. ಯಾವುದೇ ಕಚೇರಿ ತಾನೇ ಬರೆದಿಟ್ಟ ಲೆಕ್ಕವನ್ನು, ಆ ಕಚೇರಿಯ ಕೈಗೆಟುಕದ ಮತ್ತೊಂದು ದಾಖಲೆಯೊಂದಿಗೆ ತಾಳೆ ನೋಡದೆ ನಾನು ಒಪ್ಪುತ್ತಿರಲಿಲ್ಲ. ನಗದು ಪುಸ್ತಕವನ್ನು ಖಜಾನೆಯ ಲೆಕ್ಕದೊಂದಿಗೆ, ಗುತ್ತಿಗೆದಾರರ ಬಿಲ್ಲನ್ನು ಮಾಡಿದ ಕೆಲಸದ ಅಳತೆ ಬರೆದಿಡುವ ಅಳತೆ ಪುಸ್ತಕದೊಂದಿಗೆ, ದಾಸ್ತಾನು ವಹಿಯನ್ನು ಸಾಮಗ್ರಿ ಪಡೆದವರ ಸಹಿಯೊಂದಿಗೆ ಹೋಲಿಸಿದಾಗಲೇ ಲೆಕ್ಕದ ನಿಜ ಸ್ವರೂಪ ಕಾಣುತ್ತದೆ.

ಸ್ಥಳಕ್ಕೆ ಹೋಗುವ ಮೊದಲೇ ಆ ಕಚೇರಿಯ ತಿಂಗಳವಾರು ವೆಚ್ಚವನ್ನೂ ಹಿಂದಿನ ಪರಿಶೀಲನಾ ವರದಿಗಳಲ್ಲಿ ತೀರುವಳಿಯಾಗದೆ ಉಳಿದ ಕಂಡಿಕೆಗಳನ್ನೂ (ಆಕ್ಷೇಪಣೆಯ ಪ್ಯಾರಾಗಳನ್ನೂ) ಓದಿಕೊಳ್ಳುತ್ತಿದ್ದೆ. ಎಲ್ಲ ವೋಚರ್‌ಗಳನ್ನೂ ನೋಡಲು ಸಮಯವಿರುವುದಿಲ್ಲವಾದ್ದರಿಂದ ಯಾವುದನ್ನು ಆರಿಸಿಕೊಳ್ಳಬೇಕೆಂಬುದೇ ಮುಖ್ಯ, ಮತ್ತು ನನ್ನ ಆಯ್ಕೆ ಬಹುಪಾಲು ಮಾರ್ಚ್ ತಿಂಗಳ ಬಿಲ್ಲುಗಳಿಂದಲೇ ಆರಂಭವಾಗುತ್ತಿತ್ತು. ಮಾರ್ಚ್ 31ಕ್ಕೆ ಖರ್ಚಾಗದ ಅನುದಾನ ವ್ಯಪಗತವಾಗುತ್ತದೆ, ಅಂದರೆ ರದ್ದಾಗುತ್ತದೆ ಎಂಬ ಕಾರಣಕ್ಕೆ, ಕೆಲಸ ಇನ್ನೂ ಆರಂಭವಾಗದಿದ್ದರೂ ಇಡೀ ಮೊತ್ತವನ್ನು ಸೆಳೆದು ಕೆಲಸ ಮಾಡಿಸುವ ಅನುಷ್ಠಾನ ಸಂಸ್ಥೆಯ ಬ್ಯಾಂಕ್ ಖಾತೆಗೆ ವರ್ಗಾಯಿಸಿ, ಅದೇ ದಿನ ವೆಚ್ಚವೆಂದು ತೋರಿಸುವುದು ಅನೇಕ ಕಡೆ ಕಾಣುವ ರೂಢಿ. ತಕ್ಷಣದ ಅಗತ್ಯವಿಲ್ಲದೆ ಖಜಾನೆಯಿಂದ ಹಣ ಸೆಳೆಯಬಾರದೆಂಬ ನಿಯಮಕ್ಕೆ ಇದು ನೇರವಾಗಿ ವಿರುದ್ಧ.

ಅಂಥ ಒಂದು ಕಚೇರಿಯಲ್ಲಿ ಅನುದಾನ ಉದ್ದೇಶಿತ ಕೆಲಸಕ್ಕೆ ಬಳಕೆಯಾಗಿದೆ ಎಂದು ದೃಢೀಕರಿಸುವ ಬಳಕೆ ಪ್ರಮಾಣಪತ್ರವೂ ಕ್ರಮಬದ್ಧವಾಗಿತ್ತು, ನಗದು ಪುಸ್ತಕವೂ ಸರಿಯಾಗಿತ್ತು. ಆದರೆ ಅನುಷ್ಠಾನ ಸಂಸ್ಥೆಯ ಬ್ಯಾಂಕ್ ವಿವರಪಟ್ಟಿಯನ್ನು ತರಿಸಿ ನೋಡಿದಾಗ ಹಣದ ದೊಡ್ಡ ಭಾಗ ನಿಶ್ಚಿತ ಠೇವಣಿಯಲ್ಲಿತ್ತು. ಅದರ ಬಡ್ಡಿ ಸರ್ಕಾರಕ್ಕೆ ಜಮೆಯಾಗಿರಲಿಲ್ಲ. ಪ್ರಮಾಣಪತ್ರ ಹೇಳುತ್ತಿದ್ದದ್ದು ಹಣ ಬಿಡುಗಡೆಯಾದದ್ದನ್ನೇ ಹೊರತು ಬಳಕೆಯಾದದ್ದನ್ನಲ್ಲ. ಶಾಸಕಾಂಗವು ಮಂಜೂರು ಮಾಡಿದ ಉದ್ದೇಶಕ್ಕೆ ಹಣ ತಲುಪದಿದ್ದರೂ ತಲುಪಿದಂತೆ ದಾಖಲಾಗುವುದು ನನ್ನ ದೃಷ್ಟಿಯಲ್ಲಿ ಸಣ್ಣಪುಟ್ಟ ದುರುಪಯೋಗಕ್ಕಿಂತ ಗಂಭೀರವಾದದ್ದು, ಏಕೆಂದರೆ ಮುಂದಿನ ವರ್ಷದ ಅನುದಾನವನ್ನೂ ಅದೇ ಸುಳ್ಳು ಅಂಕಿಯ ಮೇಲೆ ನಿರ್ಧರಿಸಲಾಗುತ್ತದೆ.

ದಾಖಲೆ ಕೊಡಲು ವಿಳಂಬ ಮಾಡುವ ಕಚೇರಿಗಳಿರುತ್ತವೆ. ಮಹಾಲೇಖಪಾಲರ ಮೇಲಿನ ಅಧಿಕಾರಿಯಾದ ಸಿಎಜಿಯ (ಭಾರತದ ನಿಯಂತ್ರಕ ಮತ್ತು ಮಹಾಲೆಕ್ಕಪರಿಶೋಧಕರ) ಕರ್ತವ್ಯ ಮತ್ತು ಅಧಿಕಾರಗಳನ್ನು ಕುರಿತ 1971ರ ಕಾಯ್ದೆಯ 18ನೇ ಪ್ರಕರಣವು ಲೆಕ್ಕಪತ್ರಗಳನ್ನು ತರಿಸಿಕೊಳ್ಳುವ ಅಧಿಕಾರವನ್ನು ಸ್ಪಷ್ಟವಾಗಿ ನೀಡಿದೆ. ಆದರೂ ಬಾಯಿಮಾತಿನಲ್ಲಿ ಕೇಳದೆ, ಯಾವ ದಾಖಲೆ, ಯಾವ ಅವಧಿಯದು ಎಂದು ಬರೆದು ಕೇಳುವುದೇ ಹೆಚ್ಚು ಫಲ ಕೊಟ್ಟಿತು. ಕಾಮಗಾರಿಗಳ ವಿಷಯದಲ್ಲಿ ಆ ಕಚೇರಿಯ ಎಂಜಿನಿಯರನ್ನೂ ಜೊತೆಗೆ ಕರೆದೊಯ್ದು ಜಂಟಿ ಪರಿಶೀಲನೆ ನಡೆಸಿ, ಅಳತೆಯ ಟಿಪ್ಪಣಿಗೆ ಸ್ಥಳದಲ್ಲೇ ಇಬ್ಬರ ಸಹಿಯನ್ನೂ ಪಡೆಯುತ್ತಿದ್ದೆ, ಇಲ್ಲವಾದರೆ ಅಳತೆಯ ಕುರಿತ ವಾದ ವರ್ಷಗಟ್ಟಲೆ ಮುಗಿಯುವುದಿಲ್ಲ.

ಪ್ರತಿ ಆಕ್ಷೇಪಣೆಗೂ ಕಚೇರಿಯ ಉತ್ತರ ಕೇಳಿದ ನಂತರವೇ ಪರಿಶೀಲನಾ ವರದಿ ಸಿದ್ಧವಾಗುತ್ತದೆ. ಗಂಭೀರ ಕಂಡಿಕೆಗಳು ಇಲಾಖೆಯ ಕಾರ್ಯದರ್ಶಿಗೆ ಹೋಗಿ, ಮುಂದೆ ಸಂವಿಧಾನದ 151ನೇ ವಿಧಿಯಂತೆ ರಾಜ್ಯಪಾಲರ ಮೂಲಕ ಸದನಕ್ಕೂ ಸಾರ್ವಜನಿಕ ಲೆಕ್ಕಪತ್ರ ಸಮಿತಿಗೂ ತಲುಪಬಹುದು. ಮೇಲೆ ಹೇಳಿದ ಬಡ್ಡಿಯ ಪ್ರಕರಣದಲ್ಲಿ ಹಣವನ್ನು ಜಮೆ ಮಾಡಲಾಗಿದೆ ಎಂಬ ಪತ್ರವಷ್ಟೇ ಮೊದಲು ಬಂದಿತು. ಹಣ ಕಟ್ಟಿದ ಚಲನ್‌ನ ಸಂಖ್ಯೆಯನ್ನು ತರಿಸಿಕೊಂಡು, ಆ ಮೊತ್ತ ಸರಿಯಾದ ಲೆಕ್ಕಶೀರ್ಷಿಕೆಯಡಿ (ಸರ್ಕಾರಿ ಲೆಕ್ಕದ ವರ್ಗದಡಿ) ಖಜಾನೆಯ ಲೆಕ್ಕಕ್ಕೆ ಬಂದಿರುವುದನ್ನು ನೋಡಿದ ನಂತರವೇ ಕಂಡಿಕೆಯ ತೀರುವಳಿಗೆ ಶಿಫಾರಸು ಮಾಡಿದೆ.