ಪಾಸ್‌ಪೋರ್ಟಿಗೊಂದು ಸಂಚಿ

ಮೊನ್ನೆ ಪಕ್ಕದ ಮನೆ ಹುಡುಗ ಮೊದಲ ಸಲ ಅಮೆರಿಕಕ್ಕೆ ಹೊರಟ. ವಿಳಾಸ ಬರೆದಿಟ್ಟುಕೊಂಡೆಯೇನೋ ಅಂದರೆ, "ಎಲ್ಲಾ ಫೋನಿನಲ್ಲಿದೆ ಅಜ್ಜಿ" ಅಂದ. ದಾರಿಯಲ್ಲಿ ವಿಮಾನ ಬದಲಿಸೋ ಫ್ರಾಂಕ್‌ಫರ್ಟಿನಲ್ಲಿ ಚಾರ್ಜ್ ಮುಗಿದು ಫೋನೇ ಆಫ್ ಆಯಿತಂತೆ. ಪಾಸ್‌ಪೋರ್ಟ್ ಇದ್ದಿದ್ದು ಪ್ಯಾಂಟಿನ ಹಿಂದಿನ ಜೇಬಿನಲ್ಲಿ! ಕೇಳಿ ನನಗೆ ಮೈ ಉರಿಯಿತು.

ನಮ್ಮಜ್ಜಿ ಜಾತ್ರೆಗೆ ಹೋಗುವಾಗ ಎಲೆಯಡಿಕೆ ಸಂಚಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದಳು. ಎಲೆಗೊಂದು ಮಡಿಕೆ, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು, ಎಲ್ಲಕ್ಕಿಂತ ಒಳಗೆ ಚಿಲ್ಲರೆ. ಕಾಸು ಕಳೆದುಕೊಂಡು ಬಂದಿದ್ದು ನಾನು ನೋಡಿಲ್ಲ. ಮಗಳ ಬಾಣಂತನಕ್ಕೆ ಹೊರಟಾಗ ನಾನು ಹೊಲಿದುಕೊಂಡಿದ್ದೂ ಅಂಥದ್ದೇ.

ಒಗೆದು ಒಗೆದು ಮೆತ್ತಗಾದ ಹಳೆ ಪಂಚೆಯೇ ಆಗಬೇಕು. ಹೊಸ ಬಟ್ಟೆ ಜಾರುತ್ತದೆ, ಚುಚ್ಚುತ್ತದೆ. ನಾಲ್ಕು ಪದರ ಮಾಡಿ, ಪಾಸ್‌ಪೋರ್ಟ್ ಇಟ್ಟು ಸುತ್ತ ಎರಡೆರಡು ಬೆರಳು ಬಿಟ್ಟು ಕತ್ತರಿಸಿ. ಮೂರು ಮಡಿಕೆ ಸಾಕು: ಪಾಸ್‌ಪೋರ್ಟ್, ದುಡ್ಡು, ಇಳಿಯುವ ಮನೆಯ ವಿಳಾಸ ಮತ್ತು ಫೋನ್ ನಂಬರ್ ದಪ್ಪಕ್ಷರದಲ್ಲಿ ಬರೆದ ಚೀಟಿ. ಬೆವರು ತಾಗದ ಹಾಗೆ ಪಾಸ್‌ಪೋರ್ಟಿಗೆ ತೆಳು ಪ್ಲಾಸ್ಟಿಕ್ ಸುತ್ತಿ. ಮೂಲೆಗಳಿಗೆ ಎರಡೆರಡು ಸಲ ಹೊಲಿಗೆ ಹಾಕಿ, ಬಿಚ್ಚೋದು ಅಲ್ಲೇ. ಬಾಯಿಗೆ ಲಾಡಿ. ಲೋಹದ ಜಿಪ್ಪು, ಪ್ರೆಸ್ ಬಟನ್ ಬೇಡ, ಬಿಚ್ಚೋದು ಮರೆತರೆ ಚೆಕಿಂಗ್‌ನಲ್ಲಿ ಕುಂಯ್ ಅನ್ನಬಹುದು. ಚೆಕಿಂಗ್ ಹತ್ತಿರ ಬಂದಾಗ ಬಿಚ್ಚಿ ಕೈಚೀಲದೊಳಗೆ ಹಾಕಿ, ದಾಟಿದ ಕೂಡಲೇ ಮತ್ತೆ ಸೊಂಟಕ್ಕೆ. ಉಳಿದ ಪಂಚೆ ತುಂಡು ಎಸೀಬೇಡಿ, ಕನ್ನಡಿ ಒರೆಸೋಕೆ ಅದಕ್ಕಿಂತ ಒಳ್ಳೆ ಬಟ್ಟೆ ಇಲ್ಲ.

ದುಡ್ಡು ಜಾಸ್ತಿ ಫಾರೆಕ್ಸ್ ಕಾರ್ಡಿನಲ್ಲಿರಲಿ (ಮೊದಲೇ ಡಾಲರ್ ತುಂಬಿಸಿಕೊಳ್ಳೋ ಕಾರ್ಡು), ಸ್ವಲ್ಪ ಮಾತ್ರ ಕೈಯಲ್ಲಿ. ಎಲ್ಲಾ 100 ಡಾಲರಿನ ನೋಟೇ ಇಸ್ಕೊಂಡು ಬರ್ತೀರಲ್ಲ, ಒಂದು ನೀರಿನ ಬಾಟಲಿಗೆ ಅದನ್ನು ಮುರಿಸ್ತೀರಾ? ಒಂದರದ್ದು, ಐದರದ್ದು ಕೇಳಿ ತಗೊಳ್ಳಿ. ವಿಮಾನ ನಿಲ್ದಾಣದಲ್ಲಿ ದುಡ್ಡು ಬದಲಿಸಿದರೆ ಸುಮ್ನೆ ನಷ್ಟ. ಅಮೆರಿಕದಲ್ಲಿ ಕಾರ್ಡ್ ಉಜ್ಜಿದಾಗ ಮಿಷನ್ನು ರೂಪಾಯಿಯೋ ಡಾಲರೋ ಅಂತ ಕೇಳಿದರೆ ಡಾಲರ್ ಅನ್ನಿ. ರೂಪಾಯಿ ಅಂದರೆ ಅವರದೇ ದರ ಹಾಕಿ ಕತ್ತರಿಸ್ತಾರೆ.

ವಿಮಾನದಲ್ಲಿ ಹದಿನಾರು ಗಂಟೆ ಕೂರಬೇಕಾದೀತು. ಬಿಗಿ ಶೂ ಯಾಕೆ ಹಾಕ್ತೀರೋ! ಕಾಲು ಊದಿಕೊಳ್ಳುತ್ತೆ, ಸಡಿಲ ಚಪ್ಪಲಿ ಹಾಕಿ. ಗಂಟೆಗೊಮ್ಮೆ ಎದ್ದು ಓಡಾಡಿ. ಬಾತ್‌ರೂಮಿಗೆ ಏಳಬೇಕಾಗುತ್ತೆ ಅಂತ ನೀರು ಕುಡಿಯದೆ ಕೂರಬೇಡಿ. ಮಾತ್ರೆ, ಡಾಕ್ಟರ ಚೀಟಿ ಕೈಚೀಲದಲ್ಲೇ ಇರಲಿ. ಪವರ್ ಬ್ಯಾಂಕೂ ಅಲ್ಲೇ. ಕೊಬ್ಬರಿ ಬಟ್ಟಲು ತುಂಬಬೇಡಿ, ಅದರ ಎಣ್ಣೆಗೆ ಬೆಂಕಿ ಹತ್ತುತ್ತೆ ಅಂತ ಪೆಟ್ಟಿಗೆಯಿಂದ ತೆಗೆಸ್ತಾರೆ. ಹಸಿ ಕರಿಬೇವನ್ನು ಅಮೆರಿಕದವರು ಒಳಗೆ ಬಿಡಲ್ಲ. ತಿಂಡಿ ಇದೆಯಾ ಅಂತ ಕೇಳಿದರೆ ಇದೆ ಅಂತಲೇ ಹೇಳಿ.

ಹೊರಡುವ ಮುಂಚೆ ಅಕ್ಕಿ ಡಬ್ಬಕ್ಕೆ ನಾಲ್ಕು ಒಣಮೆಣಸಿನಕಾಯಿ ಹಾಕಿ. ವಾಪಸ್ ಬಂದ ರಾತ್ರಿ ಟ್ಯಾಕ್ಸಿಗೆ ಅಂತ ಐನೂರರ ನಾಲ್ಕು ನೋಟು ಮಡಿಸಿ, ಮನೆ ಬೀಗದ ಕೈ ಜೊತೆ ಕೈಚೀಲದ ತಳದಲ್ಲಿಡಿ.